ಫೈಲು ರಾಯರು

ಬಸವನಗುಡಿಯ ಕೃಷ್ಣರಾವ್ ಪಾರ್ಕಿನಲ್ಲಿ ಬೆಳಗ್ಗೆ ಸುತ್ತು ಹಾಕುವವರೆಲ್ಲ ತಪ್ಪದೆ ಪಾಲಿಸುವ ನಿಯಮವೊಂದಿದೆ. ರಾಯರು ಎದುರಾದರೆ ‘ನಮಸ್ಕಾರ’ ಅನ್ನಬಹುದು, ‘ಮಳೆ ಬರೋ ಹಾಗಿದೆ’ ಅನ್ನಬಹುದು. ‘ಹೇಗಿದ್ದೀರಿ’ ಎಂದು ಮಾತ್ರ ಕೇಳಬಾರದು. ಬಡಾವಣೆಗೆ ಹೊಸದಾಗಿ ಬಂದ ಸಾಫ್ಟ್‌ವೇರ್ ಹುಡುಗನೊಬ್ಬ ಇದು ಗೊತ್ತಿಲ್ಲದೆ ಕೇಳಿಬಿಟ್ಟ. ಆವತ್ತು ಆಫೀಸಿನ ಮೀಟಿಂಗಿಗೆ ಅವನು ಪಾರ್ಕಿನ ಕಲ್ಲುಬೆಂಚಿನಿಂದಲೇ ಹಾಜರಾದನಂತೆ. ಎಡಗಿವಿಯಲ್ಲಿ ಮ್ಯಾನೇಜರು, ಬಲಗಿವಿಯಲ್ಲಿ ರಾಯರ ಕ್ರಿಯಾಟಿನಿನ್ನು.

ರಾಯರಂಥವರು ಊರಿಗೊಬ್ಬರಲ್ಲ, ಬೀದಿಗೊಬ್ಬರು. ನಿಮ್ಮ ಬೀದಿಯಲ್ಲಿ ಅವರು ಗೌಡರಿರಬಹುದು, ಶೆಟ್ಟರಿರಬಹುದು, ರಿಟೈರಾದ ಮೇಷ್ಟರಿರಬಹುದು. ಗುರುತು ಒಂದೇ. ಕಂಕುಳಲ್ಲಿ ಫೈಲು, ಬಾಯಲ್ಲಿ ‘ಏನೋ ಇದೆ ಸ್ವಾಮಿ, ಇವರ ಕೈಗೆ ಸಿಕ್ತಾ ಇಲ್ಲ’ ಎಂಬ ಪಲ್ಲವಿ.

ನೋಡಿದರೆ ಯಾರೂ ಅವರನ್ನು ರೋಗಿ ಅನ್ನುವುದಿಲ್ಲ. ವಯಸ್ಸು ಐವತ್ತಾರು. ತುಂಬಿದ ಕೆನ್ನೆ, ಅದಕ್ಕೆ ಒಪ್ಪುವ ಹೊಟ್ಟೆ, ಗಾಂಧಿಬಜಾರಿನಲ್ಲಿ ದೋಸೆ ಮುಂದಿಟ್ಟರೆ ಹಿಂದೆಗೆಯದ ಕೈ. ಆದರೆ ಸುಸ್ತು. ‘ಎದ್ದಾಗಲೇ ಸುಸ್ತು ಸ್ವಾಮಿ. ರಾತ್ರಿಯೆಲ್ಲ ಮಲಗಿದ್ದೋ ಮೂಟೆ ಹೊತ್ತಿದ್ದೋ ಗೊತ್ತಾಗಲ್ಲ.’ ಅದರ ಜೊತೆಗೆ ಬೆಳಗ್ಗೆ ತಲೆಭಾರ, ಬಾಯಿ ಒಣಗುವುದು, ಮಧ್ಯಾಹ್ನ ಮೂರಕ್ಕೆ ಕಣ್ಣೆಳೆತ, ಕೈಬೆರಳಲ್ಲಿ ಜೋಮು, ಮರೆವು, ಹೆಂಡತಿಯ ಮೇಲೆ ಸಿಡುಕು. ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ‘ಇವರಿಗೆ ಕೆಲಸ ಇಲ್ಲ, ಅದಕ್ಕೇ ಕಾಯಿಲೆ’ ಎಂದು ಬೆನ್ನ ಹಿಂದೆ ನಗುವವರನ್ನು ನಾನು ಒಪ್ಪುವುದಿಲ್ಲ. ಸುಸ್ತು ನಿಜವೇ. ರಾಯರ ತಕರಾರಿದ್ದದ್ದು ಅದರ ಕಾರಣದ ಜೊತೆ. ಕಾರಣ ಅಂದರೆ ತಮ್ಮ ಅಂತಸ್ತಿಗೆ ತಕ್ಕದ್ದಾಗಿರಬೇಕು ಎಂದು ಅವರ ಆಸೆ.

ಬ್ಯಾಂಕಿನಲ್ಲಿದ್ದವರಾದ್ದರಿಂದ ಫೈಲಿನ ಶಿಸ್ತು ನೋಡುವಂಥದ್ದು. ರಕ್ತಕ್ಕೊಂದು ವಿಭಾಗ, ಮೂತ್ರಕ್ಕೊಂದು, ಎದೆಗೊಂದು, ಹೊಟ್ಟೆಯ ಸ್ಕ್ಯಾನಿಂಗಿಗೊಂದು. ಮೊದಲ ಪುಟದಲ್ಲಿ ಅವರದೇ ದುಂಡಕ್ಷರದ ಪರಿವಿಡಿ. ‘ನಮ್ಮ ಕಾಲದಲ್ಲಿ ಒಂದು ರೂಪಾಯಿ ತಾಳೆಯಾಗದಿದ್ದರೆ ರಾತ್ರಿ ಹತ್ತಾದರೂ ಬ್ರಾಂಚ್ ಮುಚ್ತಿರಲಿಲ್ಲ. ಈ ಡಾಕ್ಟರುಗಳು ತಾಳೆಯಾಗದೇನೇ ಬಾಗಿಲು ಹಾಕ್ತಾರೆ’ ಎಂಬುದು ಅವರ ದೂರು. ಈ ಫೈಲು ಮದುವೆ ಮನೆಗೂ ಬರುತ್ತದೆ. ಒಂದು ಬೀಗರೂಟದಲ್ಲಿ ಪಕ್ಕದೆಲೆಯವರನ್ನು ಯಾರೋ ‘ಡಾಕ್ಟ್ರೇ’ ಎಂದು ಕರೆದದ್ದು ಕಿವಿಗೆ ಬಿದ್ದದ್ದೇ ತಡ, ಹೋಳಿಗೆಗೂ ಚಿತ್ರಾನ್ನಕ್ಕೂ ನಡುವೆ ಫೈಲು ಬಿಚ್ಚಿಕೊಂಡಿತು. ಅವರು ಹಳಗನ್ನಡ ಛಂದಸ್ಸಿನಲ್ಲಿ ಸಂಶೋಧನೆ ಮಾಡಿದ ಡಾಕ್ಟರು. ಆದರೂ ಹಿಂಜರಿಯದೆ ಕನ್ನಡಕ ಏರಿಸಿ, ಅಂಕಿಗಳ ಸಾಲನ್ನು ಬೆರಳಲ್ಲಿ ಎಣಿಸಿ, ‘ಒಂದು ಮಾತ್ರೆ ಕಮ್ಮಿ ಇದ್ದ ಹಾಗಿದೆ’ ಎಂದರು. ರಾಯರು ಮಾರನೆಯ ದಿನವೇ ಮೆಡಿಕಲ್ ಸ್ಟೋರಿನಲ್ಲಿ ಇನ್ನೊಂದು ಮಾತ್ರೆ ಕೊಂಡರು.

ಬೇರೆಯವರಿಗೆ ರಿಪೋರ್ಟು ನಾರ್ಮಲ್ ಎಂದು ಬಂದರೆ ದೇವರಿಗೆ ಕಾಯಿ ಒಡೆಯುತ್ತಾರೆ. ರಾಯರಿಗೆ ಅದು ಅವಮಾನ. ‘ನಾರ್ಮಲ್ ಅಂತೆ!’ ಎಂದು ಅವರು ಹೇಳುವ ಧಾಟಿ ಕೇಳಿದವರಿಗೆ, ಇವರಿಗೆ ಬಡ್ತಿ ತಪ್ಪಿಹೋಗಿದೆಯೇನೋ ಅನ್ನಿಸಬೇಕು. ಅದಕ್ಕೇ ಅವರಿಗೆ ದೊಡ್ಡ ಪ್ಯಾಕೇಜುಗಳು ಇಷ್ಟ. ಬೆಳಗ್ಗೆ ಆರಕ್ಕೆ ಹುಡುಗ ಮನೆಗೇ ಬಂದು, ನೇರಳೆ ಮುಚ್ಚಳದ ಟ್ಯೂಬಿಗಷ್ಟು ಹಳದಿ ಮುಚ್ಚಳದ ಟ್ಯೂಬಿಗಷ್ಟು ರಕ್ತ ತೆಗೆದುಕೊಂಡು ಹೋದರೆ, ಸಂಜೆಗೆ ಎಂಬತ್ತೋ ತೊಂಬತ್ತೋ ಅಂಕಿಗಳು ವಾಟ್ಸಾಪಿಗೆ ಬರುತ್ತವೆ. ಅಷ್ಟರಲ್ಲಿ ಯಾವುದಾದರೂ ಒಂದು ಕೆಂಪಕ್ಷರದಲ್ಲಿ ಇದ್ದೇ ಇರುತ್ತದೆ. ಇರಲೇಬೇಕು, ಲೆಕ್ಕವೇ ಹಾಗಿದೆ. ಸಾಮಾನ್ಯವಾಗಿ ಆರೋಗ್ಯವಂತರಲ್ಲಿ ನೂರಕ್ಕೆ 95 ಮಂದಿಯ ಅಂಕಿ ಎಷ್ಟರೊಳಗೆ ಬರುತ್ತದೋ ಅದನ್ನೇ ‘ನಾರ್ಮಲ್’ ಎಂದು ಗೆರೆ ಎಳೆದಿರುತ್ತಾರೆ. ಉಳಿದ ಐವರು ಗಟ್ಟಿಮುಟ್ಟಾಗಿದ್ದೂ ಗೆರೆಯ ಆಚೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದರೆ, ಏನೂ ಇಲ್ಲದವನಿಗೂ ಎಲ್ಲಾದರೂ ಒಂದು ಗೆರೆ ದಾಟುವ ಸಂಭವ ನೂರಕ್ಕೆ 64. ಇದನ್ನು ನಾನು ರಾಯರಿಗೆ ಬಿಡಿಸಿ ಹೇಳಿದೆ. ಬಹಳ ಹೊತ್ತು ಯೋಚಿಸಿ, ‘ಹಾಗಾದರೆ ಇನ್ನಷ್ಟು ಪರೀಕ್ಷೆ ಮಾಡಿಸಿದರೆ ಸಿಗುತ್ತೆ ಅನ್ನಿ’ ಎಂದರು.

ಸಿಕ್ಕಿತು ಕೂಡ. ಮೊದಲು ಸಿಕ್ಕಿದ್ದು ಬಿ12. ಮಾಂಸ, ಮೊಟ್ಟೆ ಮುಟ್ಟದವರಲ್ಲಿ ಇದು ಕಮ್ಮಿಯಾಗುವುದು ಮಾಮೂಲು, ಬೆರಳಿನ ಜೋಮಿಗೂ ಇದೇ ಇರಬಹುದು, ಕೆಲವು ಇಂಜೆಕ್ಷನ್ ತೆಗೆದುಕೊಳ್ಳಿ ಎಂದರು ಡಾಕ್ಟರು. ‘ಮಾಮೂಲು’ ಎಂಬ ಮಾತಿಗೇ ರಾಯರ ಮುಖ ಬಾಡಿತು. ಇಡೀ ಬಸವನಗುಡಿಗೇ ಇರುವ ಕಾಯಿಲೆ ತಮಗೂ ಇದೆ ಎಂದರೆ ಏನು ಬಂತು? ಇದಕ್ಕೇನಾದರೂ ಘನವಾದ ಚರಿತ್ರೆ ಇದೆಯೇ ಎಂದು ಹುಡುಕಿದರು. ಇತ್ತು. ಅಮೆರಿಕದ ಮೈನಟ್, ಮರ್ಫಿ ಎಂಬ ವೈದ್ಯರು 1926ರಲ್ಲಿ, ಬಿ12 ಇಲ್ಲದೆ ಬರುವ ಮಾರಕ ರಕ್ತಹೀನತೆಗೆ ದಿನಾ ಅರ್ಧ ಪೌಂಡಿನವರೆಗೆ ಲಿವರ್ ತಿನ್ನಿಸಿ ರೋಗಿಗಳನ್ನು ಉಳಿಸಿದರು, 1934ರಲ್ಲಿ ನೊಬೆಲ್ ಪಡೆದರು ಎಂದು ಓದಿದ ರಾಯರು ಮೂರು ದಿನ ಊಟ ಬಿಟ್ಟರು. ಇಂಜೆಕ್ಷನ್ನಿನ ಕೆಂಪು ಬಣ್ಣ ಕಂಡಾಗಲೆಲ್ಲ ‘ಕೃಷ್ಣ ಕೃಷ್ಣ’ ಅನ್ನುತ್ತ ಚುಚ್ಚಿಸಿಕೊಂಡರು. ಜೋಮು ಹೋಯಿತು. ಸುಸ್ತು ಉಳಿಯಿತು.

ಆಮೇಲೆ ಬಂದದ್ದು ವಿಟಮಿನ್ ಡಿ. ಬಿಸಿಲಿಗೆ ಹೋಗಿ ಎಂದರೆ, ‘ನಾನು ದಿನಾ ಒಂದು ಗಂಟೆ ವಾಕಿಂಗ್ ಮಾಡ್ತೀನಲ್ರೀ!’ ಎಂದು ಸಿಟ್ಟಾದರು. ಮಾಡುತ್ತಾರೆ, ನಿಜ. ಐದೂವರೆಗೆ, ಸೂರ್ಯ ಇನ್ನೂ ಕೋಲಾರ ದಾಟುವ ಮೊದಲೇ, ಮಂಕಿ ಟೋಪಿ, ಮಫ್ಲರು, ತುಂಬುತೋಳಿನ ಸ್ವೆಟರು ಹಾಕಿಕೊಂಡು. ಚರ್ಮದಲ್ಲಿ ಆ ವಿಟಮಿನ್ ತಯಾರಾಗಬೇಕಾದರೆ ಬಿಸಿಲು ಏರಿರಬೇಕು, ಮೈ ಕಾಣಬೇಕು. ಸೂರ್ಯನಿಗೆ ರಾಯರ ಮೂಗಿನ ತುದಿಯ ಪರಿಚಯವಷ್ಟೇ ಇತ್ತು. ವಾರಕ್ಕೊಂದರಂತೆ 60,000 ಯೂನಿಟ್ಟಿನ ಪುಡಿ ಹಾಲಿಗೆ ಹಾಕಿಕೊಂಡು ಕುಡಿದರು. ಅಂಕಿ ಏರಿತು, ರಾಯರು ಏಳಲಿಲ್ಲ.

ಥೈರಾಯಿಡ್‌ದೂ ಒಂದು ಪ್ರಕರಣ ನಡೆಯಿತು. ಒಂದು ಲ್ಯಾಬಿನಲ್ಲಿ ಗೆರೆಯಿಂದ ಕೂದಲೆಳೆಯಷ್ಟು ಹೆಚ್ಚು, ಇನ್ನೊಂದರಲ್ಲಿ ಕಮ್ಮಿ. ಹೊತ್ತುಹೊತ್ತಿಗೆ ಬದಲಾಗುವ ಅಂಕಿ ಅದು ಎಂದು ಗೊತ್ತಾದ ಮೇಲೆ ರಾಯರಿಗೆ ಅದರ ಮೇಲಿನ ಗೌರವ ಹೋಯಿತು.

ಈ ನಡುವೆ ಸಲಹೆಗಾರರಿಗೇನು ಕೊರತೆ? ಕ್ಷೌರದಂಗಡಿಯವನು ‘ಉಷ್ಣ ಸಾರ್, ಹರಳೆಣ್ಣೆ ತಟ್ಟಿ’ ಎಂದ. ಪಂಡಿತರೊಬ್ಬರು ನಾಡಿ ಹಿಡಿದು ವಾತವೆಂದರು. ಹೋಮಿಯೋಪತಿಯವರು ಯಾವ ಮಗ್ಗುಲಲ್ಲಿ ಮಲಗುತ್ತೀರಿ, ಕನಸಿನಲ್ಲಿ ಹಾವು ಬರುತ್ತದೋ ನೀರು ಬರುತ್ತದೋ ಎಂದು ಕೇಳಿ ಸಾಬೂದಾನಿ ಗಾತ್ರದ ಸಕ್ಕರೆ ಗುಳಿಗೆ ಕೊಟ್ಟರು. ಸೋದರತ್ತೆ ಮೆಣಸಿನಕಾಯಿ ಇಳಿತೆಗೆದು ಒಲೆಗೆ ಹಾಕಿ, ಘಾಟು ಬರಲಿಲ್ಲವೆಂದು ತೀರ್ಪು ಕೊಟ್ಟರು. ಪಾರ್ಕಿನ ಗೇಟಿನ ಹೊರಗೆ ಮಾರುವ ಬೂದುಗುಂಬಳದ ರಸ, ಹಾಗಲಕಾಯಿ ರಸ, ಗೋಧಿಹುಲ್ಲಿನ ರಸ ಸರದಿಯ ಮೇಲೆ ಒಳಗೆ ಹೋದವು. ಹಿಂದೆಯೇ ಒಂದು ಬೈ‑ಟು ಕಾಫಿ.

ಕೊನೆಗೆ ಅವರು ಹೋದದ್ದು ಎರಡು ಬೀದಿ ಆಚೆಯ ಹಳೇ ಡಾಕ್ಟರ ಹತ್ತಿರ. ಬೋರ್ಡಿನಲ್ಲಿ ಎಂಬಿಬಿಎಸ್ ಒಂದೇ ಇದ್ದದ್ದರಿಂದ ಇಷ್ಟು ಕಾಲ ಆ ಕಡೆ ತಲೆ ಹಾಕಿರಲಿಲ್ಲ. (1942ರಲ್ಲಿ ‘ಕೊರವಂಜಿ’ ಶುರುಮಾಡಿ ಕನ್ನಡಿಗರನ್ನು ನಗಿಸಿದ ರಾಶಿಯವರು ವೃತ್ತಿಯಲ್ಲಿ ಡಾಕ್ಟರು. ಇಂಥ ಫೈಲುಗಳು ದಿನಾ ಎದುರಿಗೆ ಬಂದು ಕೂತರೆ ಮನುಷ್ಯ ಹಾಸ್ಯ ಬರೆಯದೆ ಇನ್ನೇನು ಮಾಡಿಯಾನು ಎಂದು ನನಗೆ ಆಗಾಗ ಅನ್ನಿಸುವುದುಂಟು.) ರಾಯರು ಫೈಲನ್ನು ಮೇಜಿನ ಮೇಲಿಟ್ಟರು. ಡಾಕ್ಟರು ಅದರ ಮೇಲೆ ತಮ್ಮ ಕಾಫಿ ಲೋಟ ಇಟ್ಟರು.

ರಾಯರು ಒಂದು ಕ್ಷಣ ಉಸಿರು ಕಟ್ಟಿದರು. ಡಾಕ್ಟರು ನಿಧಾನವಾಗಿ ಒಂದು ಕಥೆ ಹೇಳಿದರು. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬೈಗೆ ಬಂದರು. ಬಟ್ಟೆ ಗಿರಣಿಯ ಬಡ ಗರ್ಭಿಣಿಯರು ರಕ್ತಹೀನತೆಯಿಂದ ನರಳುತ್ತಿದ್ದರು, ಕಾರಣ ಯಾರಿಗೂ ಗೊತ್ತಿರಲಿಲ್ಲ. ವಿಲ್ಸ್ ಮೊದಲು ಸೋಂಕಿರಬಹುದೆಂದು ಹುಡುಕಿದರು, ಸಿಗಲಿಲ್ಲ. ಆಮೇಲೆ ಆ ಹೆಂಗಸರು ಏನು ಉಣ್ಣುತ್ತಾರೆ ಎಂದು ನೋಡಿದರು. ಬ್ರೆಡ್ಡಿಗೆ ಸವರುವ ಮಾರ್ಮೈಟ್ ಎಂಬ ಅಗ್ಗದ ಯೀಸ್ಟ್ ಸಾರ ಕೊಟ್ಟರೆ ಚೇತರಿಸಿಕೊಳ್ಳುತ್ತಾರೆಂದು 1931ರಲ್ಲಿ ತೋರಿಸಿದರು. ಅದರೊಳಗಿದ್ದ ವಸ್ತುವಿಗೆ ಆಮೇಲೆ ಫೋಲಿಕ್ ಆಸಿಡ್ ಎಂದು ಹೆಸರಾಯಿತು.

‘ನನಗೂ ಫೋಲಿಕ್ ಆಸಿಡ್ಡಾ?’ ರಾಯರ ಕಣ್ಣು ಮಿಂಚಿತು.

‘ಅಲ್ಲ. ಆಯಮ್ಮ ಲ್ಯಾಬ್ ಬಿಟ್ಟು ಮನೆ ಕಡೆ ನೋಡಿದ್ರು ಅಂದೆ. ನಿಮ್ಮ ಮನೆಯವರನ್ನ ಒಳಗೆ ಕರೀರಿ.’

ಹೊರಗೆ ಬೆಂಚಿನ ಮೇಲೆ ಕಣ್ಣುಮುಚ್ಚಿ ಕೂತಿದ್ದ ಪದ್ಮಮ್ಮ ಒಳಗೆ ಬಂದರು. ಇಷ್ಟೂ ಆಸ್ಪತ್ರೆಗಳಿಗೆ ಅವರು ಬಂದಿದ್ದರು, ಚೀಲ ಹಿಡಿದುಕೊಂಡು. ಅವರನ್ನು ಯಾರೂ ಏನೂ ಕೇಳಿರಲಿಲ್ಲ.

‘ರಾತ್ರಿ ಇವರು ಗೊರಕೆ ಹೊಡೀತಾರೇನಮ್ಮ?’

ಪದ್ಮಮ್ಮ ಇಪ್ಪತ್ತು ವರ್ಷದಿಂದ ಈ ಪ್ರಶ್ನೆಗಾಗಿಯೇ ಕಾದಿದ್ದವರ ಹಾಗೆ ಕುರ್ಚಿ ಮುಂದೆಳೆದುಕೊಂಡರು. ‘ಹೊಡೀತಾರೇನು ಡಾಕ್ಟ್ರೇ, ಮೇಲಿನ ಮನೆಯವರು ಬಾಡಿಗೆ ಕಮ್ಮಿ ಮಾಡಿ ಅಂತಾರೆ. ಅದಾದರೂ ಪರವಾಗಿಲ್ಲ. ಮಧ್ಯ ಮಧ್ಯ ಒಂದೇ ಸಲ ನಿಂತುಹೋಗುತ್ತೆ. ನಾನು ಎದ್ದು ಕೂತು ಉಸಿರು ಬರ್ತಿದೆಯಾ ಅಂತ ನೋಡ್ತೀನಿ. ಆಮೇಲೆ ಗಕ್ ಅಂತ ಶುರುವಾಗುತ್ತೆ.’

‘ನಾನ್ಯಾವತ್ತೂ ಗೊರಕೆ ಹೊಡೆದಿದ್ದು ನೋಡೇ ಇಲ್ಲ’ ಎಂದರು ರಾಯರು.

ಡಾಕ್ಟರು ಡ್ರಾಯರಿನಿಂದ ದರ್ಜಿಯ ಟೇಪು ತೆಗೆದು ರಾಯರ ಕತ್ತಿಗೆ ಸುತ್ತಿದರು. ಹದಿನೇಳು ಇಂಚು. ಟೊರಾಂಟೊದ ವೈದ್ಯರು 2008ರಲ್ಲಿ ಪ್ರಕಟಿಸಿದ ಎಂಟು ಪ್ರಶ್ನೆಗಳ ಪಟ್ಟಿಯೊಂದಿದೆ: ಗೊರಕೆ, ಹಗಲು ಸುಸ್ತು, ಉಸಿರು ನಿಂತದ್ದನ್ನು ಯಾರಾದರೂ ಕಂಡದ್ದು, ಬಿಪಿ, ತೂಕ, ಐವತ್ತು ದಾಟಿದ ವಯಸ್ಸು, ದಪ್ಪ ಕತ್ತು, ಗಂಡಸಾಗಿರುವುದು. ರಾಯರು ಹೆಚ್ಚುಕಮ್ಮಿ ಡಿಸ್ಟಿಂಕ್ಷನ್ನಿನಲ್ಲಿ ಪಾಸಾದರು. ಗಾಂಧಿಬಜಾರಿನ ದರ್ಜಿ ಎರಡು ವರ್ಷದ ಹಿಂದೆಯೇ ‘ಕಾಲರ್ ಒಂದೂವರೆ ಇಂಚು ಜಾಸ್ತಿ ಇಡಬೇಕು ಸಾರ್’ ಎಂದಿದ್ದನಂತೆ. ಅವನ ಚೀಟಿ ಫೈಲಿನಲ್ಲಿರಲಿಲ್ಲ.

ಮೈತುಂಬ ವೈರು ಅಂಟಿಸಿ ಒಂದು ರಾತ್ರಿ ಮಲಗಿಸಿ ನೋಡಿದರು. ಗಂಟೆಗೆ 34 ಸಲ ಉಸಿರು ಕಟ್ಟುತ್ತಿತ್ತು, ಇಲ್ಲವೇ ಅರೆಬರೆಯಾಗುತ್ತಿತ್ತು. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲಾಗಿ ದಾರಿ ಮುಚ್ಚುತ್ತದೆ, ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಬಿದ್ದು ಎಬ್ಬಿಸುತ್ತದೆ. ಎದ್ದದ್ದು ಮಲಗಿದವನಿಗೆ ನೆನಪಿರುವುದಿಲ್ಲ. ಗಂಟೆಗೆ 30 ದಾಟಿದರೆ ತೀವ್ರ ಎಂಬ ಲೆಕ್ಕ. ‘ತೀವ್ರ’ ಎಂಬ ಮಾತು ಕೇಳಿ ರಾಯರ ಮುಖದಲ್ಲಿ ಮೂಡಿದ ಕಳೆಯನ್ನು ನಾನು ಅವರ ಮಗಳ ಮದುವೆಯಲ್ಲೂ ಕಂಡಿರಲಿಲ್ಲ. ಅಷ್ಟೇ ಅಲ್ಲ, ಅದಕ್ಕೆ ‘ಅಬ್ಸ್ಟ್ರಕ್ಟಿವ್ ಸ್ಲೀಪ್ ಆಪ್ನಿಯ’ ಎಂಬ ಉದ್ದನೆಯ ಹೆಸರೂ ಇತ್ತು, ಕೊಳವೆ ಇರುವ ಒಂದು ಯಂತ್ರವೂ ಇತ್ತು. ಸಿಡ್ನಿಯ ಕಾಲಿನ್ ಸಲಿವನ್ ಎಂಬ ವೈದ್ಯರು 1981ರಲ್ಲಿ ಮೂಗಿನ ಮೂಲಕ ಒತ್ತಡದ ಗಾಳಿ ಕೊಟ್ಟು ಗಂಟಲು ಮುಚ್ಚದ ಹಾಗೆ ಮಾಡಿ ತೋರಿಸಿದ್ದರು. ಅವರ ಮೊದಮೊದಲ ಯಂತ್ರಗಳಲ್ಲಿ ವ್ಯಾಕ್ಯೂಮ್ ಕ್ಲೀನರಿನ ಮೋಟಾರು ಇತ್ತೆಂಬುದನ್ನು ಮಾತ್ರ ರಾಯರು ಯಾರಿಗೂ ಹೇಳುವುದಿಲ್ಲ.

ಆ ಮುಖವಾಡ ತೊಟ್ಟು ಮಲಗಿದ ಕೆಲವು ವಾರಗಳಲ್ಲಿ ರಾಯರು ಗೆಲುವಾದರು. ಅದಕ್ಕಿಂತ ದೊಡ್ಡದು, ಪದ್ಮಮ್ಮ ನಿದ್ದೆ ಮಾಡಿದರು. ಮುಂದಿನ ಸಲ ಹೋದಾಗ ಡಾಕ್ಟರು, ‘ನೀವು ಹೇಗಿದ್ದೀರಮ್ಮ?’ ಎಂದು ಕೇಳಿದರು.

‘ನನಗೇನು ಡಾಕ್ಟ್ರೇ. ಮೆಟ್ಟಿಲು ಹತ್ತಿದರೆ ಏದುಸಿರು, ಸುಸ್ತು. ಅಷ್ಟೇ.’

ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಬಿಳಿಚಿತ್ತು. ಹಿಂದೆ ಯಾವಾಗಲಾದರೂ ರಕ್ತ ನೋಡಿಸಿದ್ದೀರಾ ಎಂದಾಗ, ಪದ್ಮಮ್ಮ ರಾಯರ ಫೈಲನ್ನೇ ಈಸಿಕೊಂಡು, ಮೂತ್ರ ವಿಭಾಗಕ್ಕೂ ಎದೆ ವಿಭಾಗಕ್ಕೂ ನಡುವೆ ಗುರುತಿಗೆಂದು ಮಡಿಸಿಟ್ಟಿದ್ದ ಒಂದು ಚೀಟಿ ತೆಗೆದುಕೊಟ್ಟರು. ಅವರದೇ. ಮೂರು ವರ್ಷದ ಹಿಂದಿನದು. ಹಿಮೋಗ್ಲೋಬಿನ್ 9.2. ನಲವತ್ತೊಂಬತ್ತರ ಹೆಂಗಸು, ತಿಂಗಳು ತಿಂಗಳು ಅತಿಯಾಗಿ ರಕ್ತ ಹೋಗುತ್ತಿದೆ ಎಂಬುದನ್ನು ಯಾರಿಗೂ ಹೇಳಿರಲಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಕಂಡಿತ್ತು, ಗಂಡಸರಲ್ಲಿ ನೂರಕ್ಕೆ 25. ಯಾರ ಮನೆಯಲ್ಲಿ ಯಾರ ಹೆಸರಿನ ಫೈಲಿದೆ ಎಂದು ಸಮೀಕ್ಷೆ ಮಾಡಿದರೆ ಈ ಲೆಕ್ಕ ತಿರುಗಾಮುರುಗಾ ಬಂದೀತು.

‘ನೀನು ಒಂದು ದಿನವೂ ಹೇಳಲೇ ಇಲ್ವಲ್ಲೇ?’ ರಾಯರು ನಿಜಕ್ಕೂ ಬೆರಗಾಗಿದ್ದರು.

‘ನೀವು ಫೈಲು ಮುಚ್ಚಿದ್ದು ಯಾವತ್ತು?’

ಪದ್ಮಮ್ಮನನ್ನು ಸ್ತ್ರೀರೋಗ ತಜ್ಞರ ಬಳಿ ಕಳಿಸಿದರು. ಕಬ್ಬಿಣದ ಮಾತ್ರೆ ನಡೆದಿದೆ. ಊಟದ ಬೆನ್ನಿಗೇ ಕುಡಿಯುತ್ತಿದ್ದ ಕಾಫಿ ಈಗ ಎರಡು ಗಂಟೆ ಮುಂದೆ ಹೋಗಿದೆ. ಕಾಫಿ ಟೀ ಕಬ್ಬಿಣ ಹೀರಿಕೊಳ್ಳಲು ಬಿಡುವುದಿಲ್ಲ. ಇದನ್ನೆಲ್ಲ ರಾಯರು ಹೊಸದೊಂದು ಫೈಲಿನಲ್ಲಿ ಬರೆದಿಡುತ್ತಿದ್ದಾರೆ. ಅದರ ಮೇಲೆ ‘ಸೌ. ಪದ್ಮ’ ಎಂದು ದುಂಡಕ್ಷರದಲ್ಲಿದೆ.

ಇನ್ನಾದರೂ ಪಾರ್ಕಿನಲ್ಲಿ ‘ಹೇಗಿದ್ದೀರಿ’ ಎಂದು ಕೇಳಬಹುದೇನೋ ಎಂದು ನಾವೆಲ್ಲ ಅಂದುಕೊಂಡೆವು. ಕೇಳುವ ಪ್ರಸಂಗವೇ ಬರುತ್ತಿಲ್ಲ. ಈಗ ರಾಯರೇ ಕೇಳುತ್ತಾರೆ. ಗೊರಕೆ ಇದೆಯಾ, ಹಗಲು ತೂಕಡಿಕೆ ಇದೆಯಾ, ಮನೆಯವರಿಗೆ ಫೋನ್ ಮಾಡಿ ಕೊಡಿ. ಸ್ವೆಟರಿನ ಜೇಬಿನಲ್ಲಿ ಸದಾ ಒಂದು ಟೇಪು. ಮೊನ್ನೆ ಸಾಫ್ಟ್‌ವೇರ್ ಹುಡುಗನದು ಅಳೆದು ‘ಹದಿನಾಲ್ಕೇ’ ಎಂದು ನಿರಾಸೆಯಿಂದ ಬಿಟ್ಟುಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, ಮಫ್ಲರ್ ಬಿಚ್ಚಿ ಅಂದರು. ಟೇಪನ್ನು ಸುತ್ತಿ, ಕನ್ನಡಕ ಮೇಲೆತ್ತಿ, ಅಂಕಿ ನೋಡಿ, ಇನ್ನೊಮ್ಮೆ ನೋಡಿ, ನನ್ನ ಹೆಗಲು ತಟ್ಟಿದರು.

‘ಹದಿನಾರೂವರೆ! ಬನ್ನಿ, ಕೂತ್ಕೊಂಡು ಮಾತಾಡೋಣ.’