ಬೀಡಿಂಗ್ ಯಜಮಾನರು

ಹಳೇ ಕಾರು ಸಾಕುವವರಲ್ಲಿ ಹಲವು ಪಂಗಡಗಳಿವೆ. ವಿಂಟೇಜ್ ರ್‍ಯಾಲಿಗೆ ಪೇಟ ಸುತ್ತಿಕೊಂಡು ಬರುವ ಶ್ರೀಮಂತರದು ಒಂದು, ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಂತೆ ಸಾಲುಸಾಲಾಗಿ ನಿಲ್ಲಿಸಿ ಕಾಪಾಡುವವರದು ಇನ್ನೊಂದು. ಅವರ ಗೊಡವೆ ಇಲ್ಲಿ ಬೇಡ. ಮನೆಯ ಪೋರ್ಟಿಕೋದಲ್ಲೋ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲೋ ಒಂದು ಪ್ರೀಮಿಯರ್ ಪದ್ಮಿನಿಯನ್ನು ನಿಲ್ಲಿಸಿಕೊಂಡು, ಭಾನುವಾರ ತಿಂಡಿಯಾದ ಮೇಲೆ ಹಳೇ ಬನಿಯನ್ ತೊಟ್ಟು ಹೆಡ್‌ಲೈಟಿನ ರಿಂಗ್ ಬಿಚ್ಚಲು ಕೂರುವ ಯಜಮಾನರೇ ನನ್ನ ವಿಷಯ. ರಿಂಗು, ಗ್ರಿಲ್ಲು, ಬಾಗಿಲುದ್ದದ ಬೀಡಿಂಗು, ಟೈಲ್ ಲ್ಯಾಂಪಿನ ಕಟ್ಟು, ವೈಪರಿನ ಕೈ, ನಂಬರ್ ಪ್ಲೇಟಿನ ಪುಟ್ಟ ದೀಪದ ಮುಚ್ಚಳ: ಇಷ್ಟಕ್ಕೇ ಅವರು ಬಣ್ಣ ಹೊಡೆಯುತ್ತಾರೆ, ಹೊಡೆಯುತ್ತಲೇ ಇರುತ್ತಾರೆ. ಕೆಳಗೆ ಎಂಜಿನ್ನಿನಿಂದ ತೊಟ್ಟಿಕ್ಕಿದ ಎಣ್ಣೆ ನೆಲದ ಮೇಲೆ ಭೂಪಟ ಬರೆದಿರುತ್ತದೆ. ತೋರಿಸಿದರೆ, "ಅದಿರಲಿ, ಈ ರಿಂಗ್ ನೋಡಿ" ಎನ್ನುತ್ತಾರೆ. ನೋಡಿದವರು ಇದನ್ನು ಕಾರಿನ ಮೇಲಿನ ಪ್ರೀತಿ ಎಂದು ತಿಳಿಯುತ್ತಾರೆ. ನನ್ನ ಪ್ರಕಾರ ಇದು ಅಧಿಕಾರದ ಪ್ರಶ್ನೆ.

ಆ ಕಾರಿನಲ್ಲಿ ಯಾವ ಭಾಗ ಯಾರ ವಶದಲ್ಲಿದೆ ಎಂದು ಲೆಕ್ಕ ಹಾಕಿ. 1089 ಸಿಸಿಯ ಎಂಜಿನ್ನು ಮೆಕ್ಯಾನಿಕ್ಕಿನದು. ಕಾರ್ಬ್ಯುರೇಟರಿನ ಮರ್ಮ ಬಲ್ಲ ಆ ತಲೆಮಾರಿನವರು ಊರಿಗೆ ಒಬ್ಬರೋ ಇಬ್ಬರೋ ಉಳಿದಿರುವುದರಿಂದ ಅವರ ಮುಂದೆ ಯಜಮಾನರ ಪಾತ್ರ ಟಾರ್ಚ್ ಹಿಡಿದು ನಿಲ್ಲುವುದು, ಬೈದಾಗ ಅದನ್ನು ಸ್ವಲ್ಪ ಎಡಕ್ಕೆ ವಾಲಿಸುವುದು. ಬಾಡಿ ಟಿಂಕರಿಂಗಿನವರ ಆಳ್ವಿಕೆಗೆ ಸೇರಿದ್ದು. ಅಲ್ಲಿ ಪುಟ್ಟಿ ಎಳೆದು ಕಂಪ್ರೆಸರಿನಲ್ಲಿ ಪೇಂಟ್ ಹೊಡೆಯುವವರು "ನಾಳೆ ಬನ್ನಿ" ಎಂದರೆ ನಾಳೆ ಹೋಗಬೇಕು. ಸೀಟು ಕುಶನ್ ಅಂಗಡಿಯದು. ಕಾಗದಪತ್ರವಂತೂ ಕೇಳುವುದೇ ಬೇಡ. ಹದಿನೈದು ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು, ಆ ರಾಜ್ಯದ ಸಾಮಂತ ಆರ್‌ಟಿಓ ಏಜೆಂಟು. ಕಾರು ಎಲ್ಲಿ ನಿಲ್ಲಬೇಕು, ಎಷ್ಟು ದಿನ ನಿಲ್ಲಬಹುದು ಎಂಬುದನ್ನು ಮನೆಯೊಡತಿಯೋ ಅಪಾರ್ಟ್‌ಮೆಂಟಿನ ಅಸೋಸಿಯೇಷನ್ನೋ ತೀರ್ಮಾನಿಸಿಯಾಗಿದೆ. ಇಷ್ಟೆಲ್ಲ ಕಳೆದು ಯಜಮಾನರ ಪಾಲಿಗೆ ಉಳಿಯುವುದು ಒಂದೇ ಸ್ಕ್ರೂಡ್ರೈವರಿಗೆ ಬಿಚ್ಚಿಕೊಳ್ಳುವ, ಬಾಲ್ಕನಿಯಲ್ಲಿ ಹಾಸಿದ ಪತ್ರಿಕೆಯ ಮೇಲೆ ಹಿಡಿಯುವ, ಯಾರ ಅಪ್ಪಣೆಯೂ ಬೇಡದ ಈ ಅಂಚುಪಟ್ಟಿಗಳು ಮಾತ್ರ. ತಪ್ಪಾದರೆ ಥಿನ್ನರಿನಲ್ಲಿ ಒರೆಸಿ ಮತ್ತೆ ಶುರುಮಾಡಬಹುದು. ಗೃಹಸ್ಥನ ಬದುಕಿನಲ್ಲಿ ಥಿನ್ನರಿಗೆ ಹೋಗುವ ತಪ್ಪುಗಳು ಎಷ್ಟಿವೆ?

ಸಣ್ಣ ರಾಜ್ಯದ ದೊರೆ ದೊಡ್ಡ ಶಾಸ್ತ್ರ ಕಟ್ಟಿಕೊಳ್ಳುತ್ತಾನೆ ಎಂಬುದಕ್ಕೆ ಅವರ ವಿದ್ವತ್ತೇ ಸಾಕ್ಷಿ. ನಾನೂರರ ವಾಟರ್ ಪೇಪರ್ ಎಲ್ಲಿ ನಿಲ್ಲಬೇಕು, ಎಂಟುನೂರರದು ಎಲ್ಲಿಂದ ಹೊರಡಬೇಕು ಎಂದು ಅವರು ಒಂದು ತಾಸು ಹೇಳಬಲ್ಲರು. ಅಲ್ಯೂಮಿನಿಯಂ ಬೀಡಿಂಗಿಗೆ ಎಚ್ ಪ್ರೈಮರ್ ಇಲ್ಲದೆ ಬಣ್ಣ ಹೊಡೆದರೆ ಉಗುರಿನಲ್ಲಿ ಕೆರೆದು ಎಬ್ಬಿಸಬಹುದು ಎಂಬುದು ಅವರಿಗೆ ಗೊತ್ತು. ಮಳೆಗಾಲದಲ್ಲಿ ಲ್ಯಾಕರ್ ಹೊಡೆದರೆ ಥಿನ್ನರ್ ಆರುವ ವೇಗಕ್ಕೆ ಲೋಹ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಕೂತು ಬಣ್ಣ ಹಾಲಿನಂತೆ ಬಿಳುಚಿಕೊಳ್ಳುತ್ತದೆ ಎಂಬುದೂ ಗೊತ್ತು. ಹಾಗಾಗಿ ಜೂನ್ ಬಂತೆಂದರೆ ಮದುವೆ ಮನೆಯವರಿಗಿಂತ ಹೆಚ್ಚು ಸಲ ಆಕಾಶ ನೋಡುತ್ತಾರೆ. ಕ್ರೋಮಿನ ವಿಷಯದಲ್ಲಂತೂ ಅವರು ಹೇಳುವುದು ನಿಜ: ಒಳ್ಳೆಯ ಲೇಪನದಲ್ಲಿ ತಳದಲ್ಲಿ ತಾಮ್ರ, ಅದರ ಮೇಲೆ ನಿಕ್ಕಲ್, ಕೊನೆಗೆ ಮೇಲ್ಮೈಯಲ್ಲಿ ಮೈಕ್ರಾನಿನ ಒಂದು ಪಾಲಿನಷ್ಟೇ ದಪ್ಪದ ಕ್ರೋಮಿಯಂ. ಮೈಕೈ ತುಂಬಿಕೊಂಡು ದುಡಿಯುವುದು ನಿಕ್ಕಲ್, ಹೆಸರು ಹೊರುವುದು ಕ್ರೋಮು. ಇಷ್ಟೆಲ್ಲ ತಿಳಿದವರು ಕೊನೆಗೆ ಮಾಡುವುದೇನು? ಡಬ್ಬಿಯ ಕ್ರೋಮ್ ಸ್ಪ್ರೇ ಹೊಡೆಯುವುದು. ಅದು ಬೆರಳು ಸೋಕಿದರೆ ಮಂಕಾಗುತ್ತದೆ. ಮಂಕಾಗದಿರಲಿ ಎಂದು ಮೇಲೆ ಕ್ಲಿಯರ್ ಕೋಟ್ ಕೊಟ್ಟರೆ ಆ ಕ್ಷಣವೇ ಬೂದುಬೆಳ್ಳಿಯಾಗುತ್ತದೆ. ಆಗ ಅವರು, "ಇದು ಸ್ಯಾಟಿನ್ ಫಿನಿಶ್" ಎಂದು ಘೋಷಿಸುತ್ತಾರೆ. ಆಳುವವರಿಗೆ ಪದಗಳ ಬಡತನ ಎಂದೂ ಇರುವುದಿಲ್ಲ.

ಬೀಡಿಂಗಿಗೆ ಏನು ಬಳಿದರೂ ಲೋಕಕ್ಕೆ ನಷ್ಟವಿಲ್ಲ. ಈ ಆಳ್ವಿಕೆ ದೀಪಗಳೊಳಕ್ಕೆ ವಿಸ್ತರಿಸಿದಾಗ ಮಾತ್ರ ನಾನು ತಮಾಷೆ ನಿಲ್ಲಿಸಬೇಕಾಗುತ್ತದೆ. ಹೆಡ್‌ಲೈಟಿನ ಒಳಬಟ್ಟಲು ಕನ್ನಡಿ. ಗಾಳಿ ತೆಗೆದ ಕೋಣೆಯಲ್ಲಿ ಅಲ್ಯೂಮಿನಿಯಂ ಆವಿಯನ್ನು ಕೂರಿಸಿ ಮಾಡಿದ ನುಣುಪು ಅದು. ಆ ನುಣುಪಿನ ದೆಸೆಯಿಂದಲೇ ಪುಟ್ಟ ಬಲ್ಬಿನ ಬೆಳಕು ಒಟ್ಟಾಗಿ ದಾರಿಯ ಮೇಲೆ ಬೀಳುವುದು. ಬಟ್ಟಲು ಕಪ್ಪಾಯಿತೆಂದು ಯಜಮಾನರು ಅದಕ್ಕೆ ಬೆಳ್ಳಿ ಬಣ್ಣ ಹೊಡೆಯುತ್ತಾರೆ. ಬಣ್ಣದೊಳಗಿನ ಲೋಹದ ಚೂರುಗಳು ಒಂದೊಂದು ಒಂದೊಂದು ದಿಕ್ಕಿಗೆ ಮುಖ ಮಾಡಿ ಮಲಗಿರುತ್ತವೆ. ಹಗಲಲ್ಲಿ ಥಳಥಳ, ರಾತ್ರಿ ಬೆಳಕೆಲ್ಲ ಮರದ ಕೊಂಬೆ, ಎದುರು ಬರುವವರ ಕಣ್ಣು, ಯಾರದೋ ಕಾಂಪೌಂಡು ಎಂದು ಹಂಚಿಹೋಗುತ್ತದೆ, ರಸ್ತೆಯೊಂದನ್ನು ಬಿಟ್ಟು. ಬಿಸಿಲಿಗೆ ಮಾಸಿ ತಿಳಿಗುಲಾಬಿಯಾದ ಟೈಲ್ ಲ್ಯಾಂಪಿಗೆ ಮೂರು ಕೋಟ್ ಕೆಂಪು ಕೊಟ್ಟರೆ ಅದು ಮಾಣಿಕ್ಯದಂತೆ ಕಾಣುತ್ತದೆ, ಬ್ರೇಕ್ ಒತ್ತಿದಾಗಲೂ ಅಷ್ಟೇ ಕಾಣುತ್ತದೆ. ಹಿಂದಿನ ಬಸ್ಸಿನವನಿಗೆ ಮಾಣಿಕ್ಯದ ಪರೀಕ್ಷೆಗೆ ಪುರಸೊತ್ತಿರುವುದಿಲ್ಲ. 1965 ಮತ್ತು 1971ರ ಯುದ್ಧಗಳ ಕತ್ತಲೆ ನಿಯಮದಲ್ಲಿ ನಮ್ಮ ಕಾರುಗಳ ದೀಪಕ್ಕೆ ಕಪ್ಪು ಬಳಿದದ್ದುಂಟು. ಆಗ ಮೇಲಿಂದ ಬರುವ ವಿಮಾನದ ಭಯವಿತ್ತು. ಇಲ್ಲಿ ಶತ್ರು ಯಾರೆಂದೇ ತಿಳಿಯದು.

ಇದಕ್ಕೆ ಆಕ್ಷೇಪಣೆಗಳು ಬರುತ್ತವೆ. ಮೊದಲನೆಯದು, ಅವರು ಕಾರಿನ ಮೂಲರೂಪ ಉಳಿಸುತ್ತಿದ್ದಾರೆ ಎಂಬುದು. ಯಾವ ಮೂಲರೂಪ? ಮುಂಬಯಿಯ ಪ್ರೀಮಿಯರ್ ಕಂಪನಿಯವರು ಫಿಯಟ್ 1100 ಡಿಲೈಟನ್ನೇ ಪ್ರೆಸಿಡೆಂಟ್ ಎಂದು ಕರೆದರು, 1974ರಲ್ಲಿ ಪದ್ಮಿನಿ ಎಂದರು. ಕಾರಿನ ಮೈಕಟ್ಟು ಹೆಚ್ಚುಕಡಿಮೆ ಅದೇ. ಉತ್ತರಪಾಡಾದಲ್ಲಿ 2014ರವರೆಗೆ ತಯಾರಾದ ಅಂಬಾಸಡರ್, ಮೋರಿಸ್ ಆಕ್ಸ್‌ಫರ್ಡಿನ ದೇಹವನ್ನೇ ಹೊತ್ತುಕೊಂಡು ಮಾರ್ಕ್ 1ರಿಂದ ಮಾರ್ಕ್ 4ಕ್ಕೆ ಬರುವಷ್ಟರಲ್ಲಿ ಜನರ ಕಣ್ಣಿಗೆ ಬಿದ್ದ ಬದಲಾವಣೆಯೆಂದರೆ ಮೂತಿಯ ಗ್ರಿಲ್ಲು, ದೀಪ. ಲೈಸೆನ್ಸ್ ರಾಜ್ಯದ ಕಾಲದಲ್ಲಿ ಕಂಪನಿಗಳಿಗೂ ಮುಟ್ಟಲು ಸುಲಭವಿದ್ದದ್ದು ಅಂಚುಪಟ್ಟಿಗಳೇ. ಬೀಡಿಂಗ್ ಯಜಮಾನಿಕೆಯನ್ನು ಕಾರ್ಖಾನೆಯೇ ಆರಂಭಿಸಿತ್ತು ಎಂದರೂ ನಡೆದೀತು. ಇನ್ನು ಕಾನೂನು: 2021ರ ವಿಂಟೇಜ್ ನಿಯಮ ಐವತ್ತು ವರ್ಷ ದಾಟಿದ ವಾಹನಕ್ಕೆ ಪ್ರತ್ಯೇಕ 'ವಿಎ' ನಂಬರು ಕೊಡುವಾಗ ಷಾಸಿ, ಬಾಡಿ ಶೆಲ್, ಎಂಜಿನ್ ಬದಲಾಗಿರಬಾರದು ಎಂದು ಹೆಸರಿಸಿ ಹೇಳುತ್ತದೆ. ಹೆಡ್‌ಲೈಟಿನ ರಿಂಗನ್ನು ಹಾಗೆ ಹೆಸರಿಸಿಲ್ಲ. ಸರ್ಕಾರವೂ ಆ ಪ್ರದೇಶವನ್ನು ಯಜಮಾನರಿಗೇ ಬಿಟ್ಟುಕೊಟ್ಟಂತಾಯಿತು.

ಎರಡನೆಯ ಆಕ್ಷೇಪಣೆ ಹೆಚ್ಚು ಗಟ್ಟಿ: ತುಕ್ಕು ತಡೆಯಬೇಡವೇ, ಪ್ಲೇಟಿಂಗ್ ದುಬಾರಿಯಲ್ಲವೇ? ತುಕ್ಕಿನ ಮಾತು ಒಪ್ಪೋಣ. ಆದರೆ ತುಕ್ಕು ಮನೆ ಮಾಡುವುದು ನೀರು ನಿಲ್ಲುವ ಬಾಗಿಲಿನ ತಳದಲ್ಲಿ, ಮಡ್‌ಗಾರ್ಡಿನ ಒಳಮೈಯಲ್ಲಿ. ಅಲ್ಲಿಗೆ ಯಜಮಾನರು ಬಗ್ಗಿ ನೋಡುವುದಿಲ್ಲ. ಅದು ಟಿಂಕರಿಂಗಿನವರ ಗಡಿ. ಪ್ಲೇಟಿಂಗ್ ದುಬಾರಿ ಎಂಬುದೂ ದಿಟ, ಸತುವಿನ ಎರಕದ ಹಿಡಿಕೆ, ಲಾಂಛನಗಳನ್ನು ಆಸಿಡ್ಡಿಗೆ ಅದ್ದಿದರೆ ಅವುಗಳ ಹೊಂಡಗಳು ಇನ್ನೂ ದೊಡ್ಡವಾಗುತ್ತವೆ ಎಂಬ ಹೆದರಿಕೆಯೂ ನ್ಯಾಯವೇ. ಹಾಗಿದ್ದರೂ ಉಕ್ಕಿನ ಬಂಪರನ್ನು ಒಮ್ಮೆ ಸರಿಯಾಗಿ ಪ್ಲೇಟಿಂಗ್ ಮಾಡಿಸಿದರೆ ಎಷ್ಟೋ ವರ್ಷ ಅದರ ತಂಟೆಗೆ ಹೋಗುವಂತಿಲ್ಲ. ಅವರು ಮಾಡಿಸದಿರುವುದು ಆ ಕಾರಣಕ್ಕೇ. ತಂಟೆಯಿಲ್ಲದ ಬಂಪರನ್ನು ಇಟ್ಟುಕೊಂಡು ಭಾನುವಾರ ಏನು ಮಾಡುವುದು? ಡಬ್ಬಿಯ ಬಣ್ಣವಾದರೆ ವರ್ಷ ತುಂಬುವ ಮೊದಲೇ ಸುಲಿಯಲು ಶುರುವಾಗಿ ನಂಬಿಕೆ ಉಳಿಸಿಕೊಳ್ಳುತ್ತದೆ. ಸಾಲದ್ದಕ್ಕೆ, ಕಟ್ಟಿಸಿದ ಒಂದು ಹೊಸ ಹಲ್ಲು ಪಕ್ಕದ ಹಲ್ಲುಗಳನ್ನೆಲ್ಲ ಹಳದಿ ಮಾಡುವಂತೆ, ಹೊಸ ರಿಂಗು ಗ್ರಿಲ್ಲನ್ನು ಹಳತು ಮಾಡುತ್ತದೆ, ಗ್ರಿಲ್ಲು ಬಂಪರನ್ನು, ಬಂಪರು ಬೀಡಿಂಗನ್ನು. ಒಂದು ಸುತ್ತು ಮುಗಿಯುವಷ್ಟರಲ್ಲಿ ಮೊದಲ ರಿಂಗು ಮತ್ತೆ ಸರದಿಗೆ ಬಂದಿರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಹೊಸ ರಿಂಗೇ ಸಿಕ್ಕೀತು ಎಂದು ಸೂಚಿಸುವವರಿದ್ದಾರೆ. ಹಾಗೆ ಸೂಚಿಸಿದವರನ್ನು ಅವರು ಎರಡನೇ ಸಲ ಕಾಫಿಗೆ ಕರೆಯುವುದಿಲ್ಲ.

ಕಾರು ಓಡುವುದು ಯಾವಾಗ ಎಂಬ ಪ್ರಶ್ನೆಗೆ ಅವರಲ್ಲಿ ಉತ್ತರವಿದೆ: ದೀಪಗಳು ಬಾಲ್ಕನಿಯಲ್ಲಿ ಒಣಗುತ್ತಿವೆ, ರಾತ್ರಿ ತೆಗೆಯುವಂತಿಲ್ಲ; ಹಗಲು ತೆಗೆದರೆ ಹಸಿ ಬೀಡಿಂಗಿಗೆ ಧೂಳು. ಮನೆಯವರು ಓಡಾಡಲು ಮಗನ ಹೊಸ ಎಸ್‌ಯುವಿ ಇದೆ. ಅದರ ಸುತ್ತ ಕಂಪನಿಯವರು ಬಣ್ಣವಿಲ್ಲದ ಕಪ್ಪು ಪ್ಲಾಸ್ಟಿಕ್ ಪಟ್ಟಿ ಸುತ್ತಿಸಿ ಕಳಿಸಿದ್ದಾರೆ. ಬಿಸಿಲಿಗೆ ನಿಂತೂ ನಿಂತೂ ಅದೀಗ ಬೂದು ತಿರುಗತೊಡಗಿದೆ. ಪ್ಲಾಸ್ಟಿಕ್ಕಿಗೆ ಬೇರೆಯದೇ ಪ್ರೈಮರ್ ಬೇಕು ಎಂದು ಯಜಮಾನರು ಆಗಲೇ ವಿಚಾರಿಸಿಕೊಂಡಿದ್ದಾರೆ. ಮಗ ಊರಿಗೆ ಹೋಗುವ ವಾರವನ್ನಷ್ಟೇ ಕಾಯುತ್ತಿದ್ದಾರೆ.