ಒಳಗಿನ ವಿಳಾಸ ಅಥಣಿ, ಹೊರಗಿನ ವಿಳಾಸ ಕೊಲ್ಲಾಪುರ

ನ್ಯಾಟ್ ಅಂದರೆ ಏನೆಂದು ಅಥಣಿಯವರಿಗೆ ಬೆಂಗಳೂರಿನ ಇಂಜಿನಿಯರ್ ಬಂದು ಕಲಿಸಬೇಕಾಗಿಲ್ಲ. ಚರ್ಮ ಕೊಯ್ಯುವುದು, ಪಟ್ಟಿ ಹೆಣೆಯುವುದು, ಅಟ್ಟೆ ಹೊಲಿಯುವುದು ಎಲ್ಲ ಇಲ್ಲೇ. ಚಪ್ಪಲಿ ಊರು ದಾಟಿತೋ, ಅದರ ಹೆಸರು ಕೊಲ್ಲಾಪುರಿ. ಹೊಲಿದವನ ವಿಳಾಸ ಅಳಿಸಿ ಇನ್ನೊಬ್ಬರ ವಿಳಾಸ ಬರೆದು ಮುಂದಕ್ಕೆ ಕಳಿಸುವ ಈ ಕೆಲಸವನ್ನೇ, ಅಂಗಡಿ ಮೂಲೆಯಲ್ಲಿ ದೀಪ ಮಿಣುಕಿಸುತ್ತ ಕೂತ ಇಂಟರ್ನೆಟ್ಟಿನ ಗೇಟ್‌ವೇ ಪೆಟ್ಟಿಗೆ ಹಗಲೂ ರಾತ್ರಿ ಮಾಡುತ್ತದೆ.

ನ್ಯಾಟ್ ಎಂಬ ಈ ವಿಳಾಸ ಬದಲಾವಣೆಯನ್ನು ಕಂಡುಹಿಡಿದವರು ದಡ್ಡರೇನಲ್ಲ. ಹಳೆಯ ಐಪಿ ಪದ್ಧತಿಯಲ್ಲಿ ಇರುವುದೇ ಸುಮಾರು 429 ಕೋಟಿ ವಿಳಾಸ. ಅವು ಮುಗಿದಾವೆಂಬ ಭಯಕ್ಕೆ 1994ರಲ್ಲಿ ನ್ಯಾಟ್ ಬಂತು, ಅದೂ ತಾತ್ಕಾಲಿಕ ಪರಿಹಾರವೆಂದು. ನಮ್ಮಲ್ಲಿ ತಾತ್ಕಾಲಿಕ ಎಂದದ್ದು ನಿವೃತ್ತಿಯಾದ ಉದಾಹರಣೆ ಉಂಟೇ? 2011ರ ಫೆಬ್ರವರಿಯಲ್ಲಿ ಜಾಗತಿಕ ದಾಸ್ತಾನು ಖಾಲಿಯಾಯಿತು. ನ್ಯಾಟ್ ಮಾತ್ರ ಕಾಯಂ ನೌಕರನಾಗಿ ಕೂತುಬಿಟ್ಟಿತು. ಈಗ ಅಥಣಿಯ ಅಂಗಡಿಯಲ್ಲೂ ಅಮೆರಿಕದ ಮನೆಯಲ್ಲೂ ಒಳಗಿನ ವಿಳಾಸ ಅದೇ 192.168ರಿಂದ ಶುರು, ಹೊರಗೆ ಹೋಗುವಾಗ ಒಳಗಿರುವ ಎಲ್ಲರಿಗೂ ಸೇರಿ ಒಂದೇ ಮುಖವಾಡ.

ಒಳಗಿನಿಂದ ಹೊರಗೆ ಹೋಗಲು ಯಾರ ಅಪ್ಪಣೆಯೂ ಬೇಡ. ಪೆಟ್ಟಿಗೆ ತನ್ನ ಪಟ್ಟಿಯಲ್ಲಿ ಗುರುತು ಹಾಕಿಕೊಂಡು, ಬಂದ ಉತ್ತರವನ್ನು ಕೇಳಿದವನಿಗೇ ಮುಟ್ಟಿಸುತ್ತದೆ. ಆದರೆ ಹೊರಗಿನವನು ತಾನಾಗಿ ಬಂದು ಬಾಗಿಲು ಬಡಿದರೆ? ಅವನನ್ನು ಎಲ್ಲಿಗೆ ಕಳಿಸಬೇಕೆಂದು ಯಾರಾದರೂ ನಿಯಮ ಬರೆದಿರಬೇಕು. ಇಲ್ಲದಿದ್ದರೆ ಪೆಟ್ಟಿಗೆ ಸುಮ್ಮನಿರುತ್ತದೆ. ತಂಟೆ ಶುರುವಾಗುವುದು ಈ ನಿಯಮ ಬರೆಯುವಲ್ಲಿ.

ತಾಲೂಕಿನ ಯಾವುದೇ ಪತ್ತಿನ ಸಂಘಕ್ಕೆ ಹೋಗಿ, ಕ್ಯಾಮೆರಾ ಕೂರಿಸಲು ಬಂದ ಹುಡುಗನಿಗೂ ಚೇರ್ಮನ್ನರಿಗೂ ನಡೆಯುವ ಇಂಥ ಮಾತು ಕೇಳಿಸೀತು.

“ಸಾಹೇಬ್ರ, ಕ್ಯಾಮೆರಾಕ್ಕ ಯಾವ ಪೋರ್ಟ್ ಬಿಡೂಣ್ರಿ?”

“ಪೋರ್ಟ್ ಗೀರ್ಟ್ ನನಗ ಗೊತ್ತಿಲ್ಲೋ ತಮ್ಮಾ. ಎಲ್ಲಾ ಬಿಟ್ಟಬಿಡು. ಬೆಳಗಾವ್ಯಾಗ ಕೂತ್ರೂ ನನಗ ಕೌಂಟರ್ ಕಾಣಬೇಕು, ಅಷ್ಟ.”

ಈ ತಮ್ಮ ಆಜ್ಞಾಧಾರಕ. ಕ್ಯಾಮೆರಾದ ಚಿತ್ರ ದಾಖಲಿಸುವ ಡಿವಿಆರ್‌ನ ವಿಳಾಸವನ್ನು ಡಿಎಂಝಡ್ ಎಂಬ ಖಾನೆಯಲ್ಲಿ ತುಂಬುತ್ತಾನೆ. ಒಂದು ಪೋರ್ಟ್, ಅಂದರೆ ಒಂದು ಬಾಗಿಲು, ಸಾಕಾಗಿದ್ದ ಕಡೆ 65,535 ಪೋರ್ಟೂ ಡಿವಿಆರ್ ಕಡೆ ತಿರುಗಿದವು. ಯೂಸರ್ ಹೆಸರು ಅಡ್ಮಿನ್, ಪಾಸ್‌ವರ್ಡ್ 12345. ಬದಲಿಸಿದರೆ ಚೇರ್ಮನ್ನರು ಮರೆಯುತ್ತಾರಂತೆ! ಆಮೇಲೆ ಕಚೇರಿಯ ವೈಫೈನಲ್ಲೇ ಕೂತು ಹೊರಗಿನ ವಿಳಾಸ ಹಾಕಿ ನೋಡುತ್ತಾನೆ, ಚಿತ್ರ ಬರುವುದಿಲ್ಲ. ಒಳಗಿನಿಂದ ಹೊರಗಿನ ವಿಳಾಸಕ್ಕೆ ಹೋಗಿ ಮತ್ತೆ ಒಳಗೇ ತಿರುಗಿಬರಲು ಹೇರ್‌ಪಿನ್ ಎಂಬ ಬೇರೆಯೇ ನಿಯಮ ಬೇಕು. ಅದು ಗೊತ್ತಿಲ್ಲದೆ, ಇನ್ನೂ ಏನೋ ಮುಚ್ಚಿರಬೇಕು ಎಂದುಕೊಂಡು ಫೈರ್‌ವಾಲನ್ನೂ ಬಂದ್ ಮಾಡಿ, ಚಹಾ ಕುಡಿದು ಹೋಗುತ್ತಾನೆ.

ಆ ದಿನದಿಂದ ಕೌಂಟರ್ ಚೇರ್ಮನ್ನರಿಗೂ ಕಾಣುತ್ತದೆ, ಹೆಸರೇ ಕೇಳದ ದೇಶದ ಪೋರನಿಗೂ ಕಾಣುತ್ತದೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಇಂಥದೇ ಕ್ಯಾಮೆರಾ, ಡಿವಿಆರ್‌ಗಳನ್ನು ಕಾರ್ಖಾನೆಯ ಪಾಸ್‌ವರ್ಡಿನಿಂದ ಹಿಡಿದು ಸೈನ್ಯ ಕಟ್ಟಿತು. ಅಕ್ಟೋಬರ್ 21ರಂದು ಜಾಲತಾಣಗಳ ವಿಳಾಸ ಹುಡುಕಿಕೊಡುವ ಡೈನ್ ಕಂಪನಿಯ ಮೇಲೆ ಬಿದ್ದು, ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥವನ್ನೇ ತಾಸುಗಟ್ಟಲೆ ಮಲಗಿಸಿತು. ಕಳ್ಳನನ್ನು ಹಿಡಿಯಲು ಹಾಕಿದ ಕ್ಯಾಮೆರಾ ಕಳ್ಳನ ಕೈಕೆಳಗೆ ನೌಕರಿಗೆ ಸೇರಿತ್ತು.

ಕೆಲವು ಸಂಘಗಳನ್ನು ಇದರಿಂದ ಕಾಪಾಡಿರುವುದು ಬುದ್ಧಿಯಲ್ಲ, ಬಡತನ. ವಿಳಾಸ ಸಾಲದೆ ಇಂಟರ್ನೆಟ್ ಕಂಪನಿಗಳೇ ತಮ್ಮ ಕಡೆ ಇನ್ನೊಂದು ನ್ಯಾಟ್ ಕೂರಿಸಿವೆ. ನಿಮ್ಮ ಪೆಟ್ಟಿಗೆಯ ಹೊರಮುಖದ ವಿಳಾಸ 100.64ರಿಂದ 100.127ರೊಳಗೆ ಶುರುವಾಗುತ್ತಿದ್ದರೆ, ನೀವು ಎಷ್ಟೇ ನಿಯಮ ಬರೆದರೂ ಹೊರಗಿನ ಕರೆ ಕಂಪನಿಯಲ್ಲೇ ಸಾಯುತ್ತದೆ. ಇದನ್ನು ಹೇಳುವವರಿಲ್ಲ, ಹೊಸ ರೌಟರ್ ಮಾರುವವರು ಮಾತ್ರ ಬೇಕಾದಷ್ಟಿದ್ದಾರೆ.

ಹೊರಗಿನ ಕರೆ ಹೊರಗೆ ಕಾಣುವ ವಿಳಾಸದಲ್ಲೇ ನಿಲ್ಲುವುದನ್ನು ಚಪ್ಪಲಿಯ ಲೋಕವೂ ಕಂಡಿದೆ. 2025ರ ಜೂನ್‌ನಲ್ಲಿ ಮಿಲಾನಿನ ಪ್ರದರ್ಶನದಲ್ಲಿ ಪ್ರಾಡಾ ಕಂಪನಿ ಇದೇ ನಮೂನೆಯ ಚಪ್ಪಲಿ ಮೆರೆಸಿತು. ಗದ್ದಲವಾದ ಮೇಲೆ, ಇದು ಭಾರತದ ಕೈಕಸುಬಿನ ಪ್ರೇರಣೆ ಎಂದು ಒಪ್ಪಿಕೊಂಡ ಪತ್ರ ಬಂದದ್ದು ಮಹಾರಾಷ್ಟ್ರದ ವಾಣಿಜ್ಯ ಸಂಸ್ಥೆಗೆ. ಹೊರಗೆ ಕಾಣುವ ವಿಳಾಸ ಅದೊಂದೇ ಅಲ್ಲವೇ? ಆದರೆ 2019ರ ಭೌಗೋಳಿಕ ಸೂಚಕ (ಜಿಐ) ಮಾನ್ಯತೆಯಲ್ಲಿ ಅಲ್ಲಿಯ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳ ಹೆಸರೂ ಇದೆ, ನಮ್ಮ ರಾಜ್ಯದ ಚರ್ಮೋದ್ಯಮ ನಿಗಮ ಲಿಡ್ಕರ್‌ನ ಹಕ್ಕೂ ಇದೆ. ಹಾಗಾಗಿಯೇ ಪ್ರಾಡಾ ಜೊತೆಗಿನ 2025ರ ಡಿಸೆಂಬರಿನ ಒಪ್ಪಂದದಲ್ಲಿ ಲಿಡ್ಕರ್ ಕೂಡ ಸೇರಿತು. ಜೋಡಿಗೆ ಆಗ ಹೇಳಿದ ಬೆಲೆ ಸುಮಾರು 800 ಯುರೋ. ಕಾಗದದ ಮೇಲೆ ಯಾರೋ ಪುಣ್ಯಾತ್ಮರು ನಿಯಮ ಬರೆದಿಟ್ಟಿದ್ದರು, ಕರೆ ತಡವಾದರೂ ಒಳಗೆ ಬಂತು.

ಆದ್ದರಿಂದ ಚೇರ್ಮನ್ನರೇ, ವಾರ್ಷಿಕ ಸಭೆಯ ನಡಾವಳಿಯನ್ನು ಓದುವಷ್ಟಾದರೂ ಗಮನದಿಂದ ನಿಮ್ಮ ಗೇಟ್‌ವೇಯ ನಿಯಮದ ಪುಟವನ್ನು ಒಮ್ಮೆ ಓದಿಸಿ. ಯಾರು, ಯಾವಾಗ, ಯಾಕೆ ಬರೆದರೆಂದು ತಿಳಿಯದ ಸಾಲನ್ನು ಅಳಿಸಿ. ಡಿಎಂಝಡ್ ಬಂದ್ ಮಾಡಿ, ಫೈರ್‌ವಾಲ್ ಹಚ್ಚಿ, ಪಾಸ್‌ವರ್ಡ್ ಬದಲಿಸಿ. ಬೆಳಗಾವಿಯಿಂದ ನೋಡಲೇಬೇಕೆಂದರೆ ವಿಪಿಎನ್ ಹಾಕಿಸಿಕೊಳ್ಳಿ. ಸಂಘದ ದುಡ್ಡು ಠೇವಣಿದಾರರದ್ದು. ಅದನ್ನು ಎಣಿಸುವುದನ್ನು ಜಗತ್ತೆಲ್ಲ ಕೂತು ನೋಡುವ ಅಗತ್ಯವಿಲ್ಲ.