ಹುಳಿ ಹಿಟ್ಟಿಗೆ ಪಡ್ಡೇ ಗತಿ

ನಾಲವಾರದ ಬೇಸಿಗೆಯಲ್ಲಿ ದೋಸೆಹಿಟ್ಟು ಉಬ್ಬಲು ಯಾರ ಅಪ್ಪಣೆಯೂ ಬೇಕಿಲ್ಲ. ಬಿಸಿಲು 40 ಡಿಗ್ರಿ ದಾಟಿತೋ, ವಾಡಿ ಕಡೆಯ ರೈಲು ಬರುವುದರೊಳಗೆ ಹಿಟ್ಟು ಪಾತೇಲಿಯಿಂದಿಳಿದು ಶಹಾಬಾದ್ ಫರಸಿಯ ಮೇಲೆ ವಾಕಿಂಗ್ ಹೊರಟಿರುತ್ತದೆ.

“ಅತ್ತಿ, ಹಿಟ್ಟು ಹುಳಿ ಆಗ್ಯಾದ, ಚೆಲ್ಲಲೇನ್ರಿ?”

“ಚೆಲ್ಲಬ್ಯಾಡವ್ವ, ಬೀಗರು ಬರೋರಿದ್ದಾರ!”

ಮನೆಮನೆಯ ನಿಯಮವಿದು: ತಾಜಾ ಹಿಟ್ಟು ಇಡ್ಲಿಗೆ, ನಿನ್ನೆಯದು ದೋಸೆಗೆ, ಮೊನ್ನೆಯದು ಪಡ್ಡಿಗೆ. ಹಿಟ್ಟಿಗೂ ಬಡ್ತಿಯುಂಟು! ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾಗಳು ರಾತ್ರಿಪಾಳಿ ಮುಗಿಸಿರುತ್ತವೆ. ಚಿಟಿಕೆ ಸೋಡಾ ಬಿದ್ದೊಡನೆ ಹುಳಿಯೊಂದಿಗೆ ಜಗಳವಾಡಿ ಇಂಗಾಲದ ಡೈಆಕ್ಸೈಡ್ ಏಳುತ್ತದೆ. ಆ ಜಗಳದ ಲಾಭ ಗುಳಿಯೊಳಗಿನ ಪಡ್ಡಿಗೆ.

ಪಡ್ಡಿನಲ್ಲಿ ಎರಡು ಪಕ್ಷ. ಖಾರದ ಪಕ್ಷಕ್ಕೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕೊತ್ತಂಬರಿ. ಪಕ್ಕದಲ್ಲಿ ಶೇಂಗಾ ಹಿಂಡಿಯ ಬೆಂಬಲ. ಸಿಹಿ ಪಕ್ಷಕ್ಕೆ ಬೆಲ್ಲ, ಏಲಕ್ಕಿ, ಕೊಬ್ಬರಿ. ಮಕ್ಕಳು ಮಾತ್ರ ಪಕ್ಷಾಂತರಿಗಳು.

ಅಮೆರಿಕದ ಹುಳಿಬ್ರೆಡ್ಡಿನವರು ಹೆಪ್ಪುಹಿಟ್ಟಿಗೆ ದಿನವೂ ಹೊಸ ಹಿಟ್ಟು ಉಣಿಸುತ್ತ, ಒಂದಷ್ಟನ್ನು ತೆಗೆದುಹಾಕುತ್ತಾರೆ. ಜಾಣರು ಅದರಲ್ಲೇ ಪ್ಯಾನ್‌ಕೇಕ್ ಬೇಯಿಸುತ್ತಾರೆ. ಈ ಸುದ್ದಿ ಅತ್ತೆಗೆ ಹೇಳಿದರೆ ಒಂದೇ ಪ್ರಶ್ನೆ: “ಚೆಲ್ಲೋದೇ ಇದ್ರ ಅಷ್ಟ್ಯಾಕ ಕಲಸ್ತಾರವ್ವ? ಅವರಿಗೂ ಒಂದು ಪಡ್ಡಿನ ಹಂಚು ಕಳಸು!”